ಅಜೈಬಾದಲ್ಲೊಂದು ಐರಿಷ್ ದಿಬ್ಬಣ

ಫುಟ್‌ಪಾತಿನ ಮೇಲೆ ನಿಂತು ನೋಡುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದರೆ ನೀವು ಜಂಭ ಎನ್ನಬಾರದು. ದೇವರು ಒಬ್ಬರಿಗೆ ಹಾಡುವ ಕಂಠ ಕೊಡುತ್ತಾನೆ, ಇನ್ನೊಬ್ಬರಿಗೆ ಓಡುವ ಕಾಲು ಕೊಡುತ್ತಾನೆ. ನನಗೆ ಕೊಟ್ಟದ್ದು ನಿಲ್ಲುವ ಕಾಲು. ಎಲ್ಲಿ ಏನು ಹಾದುಹೋಗುತ್ತಿದ್ದರೂ, ಅದು ಬ್ಯಾಂಡ್ ಸೆಟ್ಟಿರಲಿ, ಮಂತ್ರಿಯ ಕಾರಿರಲಿ, ಕೆಟ್ಟು ನಿಂತ ಲಾರಿಯನ್ನು ಎಳೆದೊಯ್ಯುವ ಕ್ರೇನಿರಲಿ, ನಾನು ರಸ್ತೆಯ ಬದಿಗೆ ಸರಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಅದಕ್ಕೆ ಸಲ್ಲಬೇಕಾದ ಗೌರವದಿಂದ ನೋಡುತ್ತೇನೆ. ಜಾಗದ ಆಯ್ಕೆಯಲ್ಲೂ ನನಗೊಂದು ಶಿಸ್ತುಂಟು. ಮುಂದೆ ಎತ್ತರದ ಪಠಾಣನಿರಬಾರದು, ಹಿಂದೆ ಗೋಡೆಯ ನೆರಳಿರಬೇಕು, ಕೂಗಳತೆಯಲ್ಲಿ ಒಂದು ಜ್ಯೂಸ್ ಅಂಗಡಿ ಇರಬೇಕು.

ಮಸ್ಕತ್ತಿನಲ್ಲಿ ಈ ವಿದ್ಯೆಗೆ ಒಳ್ಳೆಯ ಬೆಲೆ ಇತ್ತು. ನವೆಂಬರ್ ಬಂತೆಂದರೆ ರಾಷ್ಟ್ರೀಯ ದಿನದ ಸಡಗರ. ಸಿಂಗರಿಸಿದ ಒಂಟೆಗಳೇನು, ಕುದುರೆಗಳೇನು, ಬ್ಯಾಂಡೇನು! ನಾವು ಮಂಗಳೂರು-ಉಡುಪಿ ಕಡೆಯವರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೋಗಿ ರಸ್ತೆಯ ಬದಿಯಲ್ಲಿ ನಿಂತು, ಚಪ್ಪಾಳೆ ತಟ್ಟಿ, ಮನೆಗೆ ಬಂದು ಚಪಾತಿ ತಿಂದು ಮಲಗುತ್ತಿದ್ದೆವು. ಗಲ್ಫಿಗೆ ಬಂದವನ ಬದುಕೇ ಹಾಗೆ. ಊರು ನಮ್ಮದಲ್ಲ, ಹಬ್ಬ ನಮ್ಮದಲ್ಲ, ವೀಸಾ ಕೊಡಿಸಿದ ಅರಬ ಧಣಿಯ, ಅಂದರೆ ಕಫೀಲನ, ಸಹಿ ನಡೆಯುವಷ್ಟು ದಿನ ನಮ್ಮ ನಡೆ. ಹಾಗಿರುವಾಗ ಫುಟ್‌ಪಾತಿಗಿಂತ ಸುಖದ ಜಾಗ ಯಾವುದಿದೆ? ನೋಡುವವನಿಗೆ ಜವಾಬ್ದಾರಿಯಿಲ್ಲ. ಹೆಜ್ಜೆ ತಪ್ಪಿದರೆ ನಡೆಯುವವನದ್ದು ತಪ್ಪುತ್ತದೆ.

ಇಂಥ ನನ್ನನ್ನು ರಸ್ತೆಗೆ ಇಳಿಸಿದ್ದು ಐರಿಷರು ಎಂದರೆ ನಂಬುತ್ತೀರಾ? ಇಳಿಸಿದ್ದು ಐರಿಷರೂ ಅಲ್ಲ. ನನ್ನ ಹೆಂಡತಿ ವಾರಿಜ ಬಾಯಿತಪ್ಪಿ ತುಳುವಿನಲ್ಲಿ ಆಡಿದ ಒಂದು ಶಬ್ದ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾವು ಮಸ್ಕತ್ತಿನ ಅಲ್ ಅಜೈಬಾ ಬಡಾವಣೆಯಲ್ಲಿದ್ದೆವು. ಈಗಿನ ಅಜೈಬಾ ಅಲ್ಲ; ಒಂದು ವಿಲ್ಲಾ, ಒಂದು ಖಾಲಿ ಮರಳು, ಮತ್ತೊಂದು ವಿಲ್ಲಾ, ಮತ್ತೆ ಮರಳು ಎಂಬಂತಿದ್ದ ಅಜೈಬಾ. ನಮ್ಮ ಬೀದಿ ನೇರ ಹೋಗಿ ಸಮುದ್ರಕ್ಕೆ ಮುಟ್ಟುತ್ತಿತ್ತು. ಒಂದು ಮಾರ್ಚ್ ತಿಂಗಳ ಬೆಳಿಗ್ಗೆ ಎದುರುಮನೆಯ ಗೇಟಿಗೆ ಯಾರೋ ಬಾವುಟ ಕಟ್ಟಿದ್ದರು. ನನ್ನ ಆಫೀಸಿನ ಭೋಜಣ್ಣ ಅಂದು ನಮ್ಮಲ್ಲಿಗೆ ತಿಂಡಿಗೆ ಬಂದವನು ಬಾಗಿಲಲ್ಲೇ ನಿಂತು ಕೆಂಡವಾದ. ಭೋಜಣ್ಣನದ್ದು ಬಿಡಿಭಾಗಗಳ ಕಂಪನಿಯಲ್ಲಿ ನನಗಿಂತ ಒಂದು ಮೆಟ್ಟಿಲು ಮೇಲಿನ ಹುದ್ದೆ, ನನಗಿಂತ ಎರಡು ಪಟ್ಟು ದೊಡ್ಡ ಹೊಟ್ಟೆ, ಅದಕ್ಕೆ ತಕ್ಕ ದೇಶಪ್ರೇಮ.

“ಎಂತ ಮಾರಾಯ, ನಮ್ಮ ಬಾವುಟವನ್ನು ಉದ್ದಕ್ಕೆ ತಿರುಗಿಸಿ ಕಟ್ಟಿದ್ದಾರಲ್ಲ! ಚಕ್ರ ಸಹ ಇಲ್ಲ. ಈ ಊರಲ್ಲಿ ಕೇಳುವವರು ಯಾರೂ ಇಲ್ವಾ?”

ಹಸಿರು, ಬಿಳಿ, ಕೇಸರಿ, ಬಣ್ಣಗಳೇನೋ ನಮ್ಮವೇ. ಭೋಜಣ್ಣ ಹೋಗಿ ಬೆಲ್ ಒತ್ತಿದ, ನಾನು ಎಂದಿನಂತೆ ಬದಿಯಲ್ಲಿ ನಿಂತು ನೋಡಿದೆ. ಬಾಗಿಲು ತೆರೆದದ್ದು ಕೆಂಪು ಕೂದಲಿನ, ನಲವತ್ತರ ಆಸುಪಾಸಿನ ಹೆಂಗಸು. ಭೋಜಣ್ಣನ ಭಾಷಣವನ್ನು ಪೂರ್ತಿ ಕೇಳಿದಳು. ಆಮೇಲೆ, ಇದು ನಿಮ್ಮದಲ್ಲ, ನಮ್ಮದು, ನಾನು ಐರ್ಲೆಂಡಿನವಳು, ಇಂದು ನಮ್ಮ ಸಂತನ ಹಬ್ಬ ಎಂದು ವಿವರಿಸಿ, ಬಾಗಿಲಿಗೆ ಒರಗಿಕೊಂಡು ನಕ್ಕಳು ನೋಡಿ, ನಾವೂ ನಗದೆ ಉಪಾಯವಿರಲಿಲ್ಲ. ಅವಳೇ ನೋರಾ. ಇಂಗ್ಲಿಷ್ ಶಾಲೆಯೊಂದರಲ್ಲಿ ಟೀಚರು. ಒಬ್ಬಳೇ ಇದ್ದಳು. ಕೇಸರಿ ಯಾವ ಕಡೆಯಿಂದ ಬಂತು ನಿಮಗೆ ಎಂದು ಭೋಜಣ್ಣ ಅವಳ ಚಹಾ ಕುಡಿಯುತ್ತಲೂ ವಿಚಾರಿಸುತ್ತಿದ್ದ.

ನೋರಾ ನಮ್ಮ ಬೀದಿಯ ಹೆಂಗಸರಿಗೆ ಹತ್ತಿರವಾದದ್ದು ಹೇಗೆಂದು ಹೇಳಿದರೆ ಮುಂದಿನ ಕಥೆ ಸಲೀಸು. ವಾರಿಜಳಿಗೆ ಕಾರು ಓಡಿಸಲು ಕಲಿಸಿದವಳು ಅವಳು. ನಾನು ಕಲಿಸಲು ಹೊರಟು ದಾಂಪತ್ಯ ಒಡೆಯುವ ಹಂತಕ್ಕೆ ಬಂದಿದ್ದಾಗ, ನೋರಾ ತನ್ನ ಹಳೆಯ ಕಾರಿನ ಕೀಲಿ ಕೊಟ್ಟು, ಪಕ್ಕದಲ್ಲಿ ಕೂತು, ಮರಳಿನ ಮೈದಾನದಲ್ಲಿ ಸಂಜೆ ಸಂಜೆ ಸುತ್ತಿಸಿದಳು. ವಾರಿಜ ಟೆಸ್ಟಿನಲ್ಲಿ ಫೇಲಾದಾಗಲೆಲ್ಲ ಇಬ್ಬರೂ ಸೇರಿ ಪೊಲೀಸರನ್ನು ಬೈಯುತ್ತಿದ್ದರು, ಒಬ್ಬಳು ತುಳುವಿನಲ್ಲಿ, ಇನ್ನೊಬ್ಬಳು ಐರಿಷ್‌ನಲ್ಲಿ. ಇನ್ನು ಮೂಲೆಮನೆಯ ಸೆವ್ರಿನ್ ಬಾಯಿ. ಕ್ಲಿನಿಕ್ಕೊಂದರಲ್ಲಿ ರಿಸೆಪ್ಶನಿಸ್ಟ್ ಆಗಿದ್ದ ಮಂಗಳೂರಿನ ಕ್ಯಾಥೊಲಿಕ್ ಹೆಂಗಸು, ನಮ್ಮ ಬೀದಿಯ ಕೊಂಕಣಿ ಮನೆಗಳಿಗೆಲ್ಲ ಹಿರಿಯಳು. ಆಕೆ ಕಾಲು ಮುರಿದುಕೊಂಡು ಮಲಗಿದ್ದಾಗ ದಿನಾ ಸೂಪು ತಂದವಳು ಇದೇ ನೋರಾ. ಆ ಸೂಪಿಗೆ ಉಪ್ಪು ಖಾರ ಏನೂ ಇರುತ್ತಿರಲಿಲ್ಲ ಎಂಬುದನ್ನು ಸೆವ್ರಿನ್ ಬಾಯಿ ಯಾರಿಗೂ ಹೇಳದೆ ಕುಡಿದಳು. ನನ್ನ ಪ್ರಕಾರ ಸ್ನೇಹವೆಂದರೆ ಅದು.

ಐರಿಷರು ಆ ಹಬ್ಬಕ್ಕೆ ಹತ್ತಿರದ ಶುಕ್ರವಾರ ನಮ್ಮ ಬೀದಿಯಲ್ಲಿ ಪೆರೇಡ್ ಮಾಡುತ್ತಿದ್ದರು. ಪೆರೇಡ್ ಎಂದಕೂಡಲೇ ನೀವು ದೆಹಲಿಯ ಜನವರಿಯನ್ನು ನೆನೆಯಬೇಡಿ. ಒಬ್ಬ ಇಂಜಿನಿಯರ್ ಹಸಿರು ನಿಲುವಂಗಿ ತೊಟ್ಟು, ಹತ್ತಿಯ ಗಡ್ಡ ಅಂಟಿಸಿಕೊಂಡು, ಕೋಲು ಹಿಡಿದು ಸಂತನಾಗುತ್ತಿದ್ದ. ಹಿಂದೆ ಒಂದು ಚರ್ಮವಾದ್ಯ, ಒಂದು ಕೊಳಲು, ಬ್ಯಾನರು ಹಿಡಿದ ನೋರಾ, ಕೆಲವು ನರ್ಸುಗಳು, ಅಷ್ಟೆ. ನಮ್ಮ ಬೀದಿಯ ದಿನಸಿ ಅಂಗಡಿಯ ಮಲಯಾಳಿ ಕಾಕನಿಗೆ ಎದ್ದು ನಿಂತು ನೋಡುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ವರ್ಷ ವರ್ಷ ಕಾಂಟ್ರಾಕ್ಟು ಮುಗಿಸಿ ಹೋಗುವವರು ಹೆಚ್ಚಿ ಅದು ಇನ್ನೂ ಸೊರಗಿತ್ತು. ಫುಟ್‌ಪಾತಿನಲ್ಲಿ ಖಾಯಂ ಪ್ರೇಕ್ಷಕ ನಾನು, ಮತ್ತು ಕೆಲಸವಿಲ್ಲದ ಒಂದೆರಡು ಆಡುಗಳು.

ಬಾವುಟದ ಪ್ರಸಂಗವಾಗಿ ಕೆಲವು ವರ್ಷಗಳ ಮೇಲೆ ಒಂದು ಮಾರ್ಚಿನಲ್ಲಿ ನೋರಾಳ ಅಪ್ಪ ಬಂದ. ಶೇಮಸ್ ಅಜ್ಜ. ರೈಲ್ವೆಯಲ್ಲಿ ದುಡಿದು ನಿವೃತ್ತನಾದವನು, ಉದ್ದನೆಯ ಆಳು, ತಲೆಯ ಮೇಲೆ ಉಣ್ಣೆಯ ಟೋಪಿ. ಮಸ್ಕತ್ತಿನ ಬಿಸಿಲಲ್ಲಿ ಉಣ್ಣೆಯ ಟೋಪಿ ಹಾಕುವವನ ಹಟ ಎಂಥದೆಂದು ನೀವೇ ಊಹಿಸಿ. ಅಜ್ಜ ಮಗಳನ್ನು ನೋಡಲು ಬಂದದ್ದಲ್ಲ, ಕರೆದುಕೊಂಡು ಹೋಗಲು ಬಂದದ್ದು. ಚಹಾಕ್ಕೆ ಹೋದ ನನ್ನೆದುರೇ ಹೇಳಿದ: “ಇಲ್ಲಿ ಇವಳಿಗೆ ಯಾರಿದ್ದಾರೆ? ನಾಳೆ ಜ್ವರ ಬಂದರೆ ಬಾಗಿಲು ತಟ್ಟುವವರು ಯಾರು?”

ಪಾಪ, ನೋರಾ ಇದಕ್ಕೆ ವರ್ಷಗಳಿಂದ ಫೋನಿನಲ್ಲಿ ಉತ್ತರ ಕೊಡುತ್ತಲೇ ಬಂದಿದ್ದಳು. ಗಲ್ಫಿನ ಫೋನಿನ ಗುಣ ನಿಮಗೆ ಗೊತ್ತು. ಅದರಲ್ಲಿ ಸತ್ಯ ಹೇಳಲು ಸಮಯ ಸಾಲುವುದಿಲ್ಲ. ನಾವು ಊರಿಗೆ ಫೋನು ಮಾಡಿ “ಎಲ್ಲ ಫಸ್ಟ್ ಕ್ಲಾಸ್” ಎನ್ನುವುದಿಲ್ಲವೇ, ಅವಳೂ ಹಾಗೆಯೇ, ಇಲ್ಲಿ ನಮ್ಮ ಪೆರೇಡಿಗೆ ಊರಿಗೆ ಊರೇ ಬರುತ್ತದೆ, ರಸ್ತೆಯ ಎರಡೂ ಬದಿ ಜನ ಕಿಕ್ಕಿರಿದು ನಿಂತು ನೋಡುತ್ತಾರೆ ಎಂದುಬಿಟ್ಟಿದ್ದಳು. ಅಜ್ಜ ಸರಿಯಾಗಿ ಮಾರ್ಚಿನಲ್ಲೇ ಟಿಕೆಟ್ ತೆಗೆಸಿದ. ಅವನ ಮಾತು ಒಂದೇ: ಆ ಜನವನ್ನು ನಾನು ನೋಡುತ್ತೇನೆ, ಅವರಿದ್ದರೆ ನಿನ್ನ ದಾರಿ ನಿನಗೆ, ಇಲ್ಲದಿದ್ದರೆ ಜೂನ್‌ನಲ್ಲಿ ಶಾಲೆ ಮುಗಿಯುತ್ತಲೇ ಮನೆಗೆ.

ನೋರಾಳಿಗೆ ಹೋಗಲು ಮನಸ್ಸಿರಲಿಲ್ಲ. ಅಪ್ಪನ ಮಾತು ಮೀರಲೂ ಮನಸ್ಸಿರಲಿಲ್ಲ. ನಮ್ಮ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು ಅವಳು ಕಣ್ಣೊರೆಸಿಕೊಂಡಾಗ ವಾರಿಜ ದೋಸೆ ಹುಯ್ಯುವುದನ್ನು ನಿಲ್ಲಿಸಿ, “ಜನ ತಾನೇ ಬೇಕು? ನಾನು ಹೇಳ್ತೇನೆ ಎಲ್ಲರಿಗೆ” ಎಂದಳು. ನನಗೂ ಒಂದು ಕೆಲಸ ಬಿತ್ತು. ಫುಟ್‌ಪಾತಿನಲ್ಲಿ ಅಜ್ಜನ ಪಕ್ಕ ನಿಲ್ಲುವುದು, ಜನ ಕಡಿಮೆ ಕಂಡರೆ ಏನಾದರೂ ಮಾತಾಡಿ ಅವನ ಗಮನ ಬೇರೆಡೆ ಎಳೆಯುವುದು. ನನ್ನ ವಿದ್ಯೆಗೆ ಕೊನೆಗೂ ಸಿಕ್ಕ ಮಾನ್ಯತೆ ಎಂದು ನಾನು ಬೀಗಿದೆ.

ಇಲ್ಲಿ ಸ್ವಲ್ಪ ಭಾಷಾಶಾಸ್ತ್ರ. ಪೆರೇಡ್ ಎಂಬುದಕ್ಕೆ ಕನ್ನಡದಲ್ಲಿ ಮೆರವಣಿಗೆ ಎನ್ನುತ್ತೇವೆ. ಅದರ ಬೇರು ಮೆರೆ. ಮೆರೆಯಬೇಕಾದರೆ ನೋಡುವವರು ಬೇಕೇ ಬೇಕು. ಕತ್ತಲೆಕೋಣೆಯಲ್ಲಿ ಯಾರೂ ಮೆರೆಯುವುದಿಲ್ಲ. ಆದ್ದರಿಂದ ಮೆರವಣಿಗೆಯಲ್ಲಿ ಎರಡು ಜಾತಿ, ನಡೆಯುವವರದ್ದೊಂದು, ನೋಡುವವರದ್ದೊಂದು. ಆದರೆ ವಾರಿಜ ಫೋನು ಹಿಡಿದು ತುಳು ಮನೆಗಳಿಗೆಲ್ಲ ಸುದ್ದಿ ಮುಟ್ಟಿಸುವಾಗ ಅವಳ ಬಾಯಿಗೆ ಬಂದದ್ದು ಮೆರವಣಿಗೆಯಲ್ಲ, ದಿಬ್ಬಣ. “ನಮ್ಮ ನೋರಾನ ದಿಬ್ಬಣ, ಮಾತೆರ್‌ಲಾ ಬಲೆ,” ಎಲ್ಲರೂ ಬನ್ನಿ. ದಿಬ್ಬಣವೆಂದರೆ ಮದುವೆಗೆ ಹೊರಟ ಬಳಗ. ಅದರಲ್ಲಿ ಒಂದೇ ಜಾತಿ. ಕರೆ ಬಂದವರೆಲ್ಲ ಹೊರಡುವವರೇ. ದಿಬ್ಬಣವನ್ನು ರಸ್ತೆಯ ಬದಿಯಲ್ಲಿ ನಿಂತು ನೋಡುವವನು ಕರೆಯಿಲ್ಲದವನು. ಅತ್ತ ಸೆವ್ರಿನ್ ಬಾಯಿ ಕೊಂಕಣಿ ಮನೆಗಳಿಗೆ ಹೇಳುವಾಗ, ಸಂತನ ಹಬ್ಬವಲ್ಲವೇ ಎಂದುಕೊಂಡು, ‘ಪುರ್ಶಾಂವ್’ ಎಂದಳು. ಇಗರ್ಜಿಯಿಂದ ಪ್ರಾರ್ಥನೆ ಹೇಳುತ್ತ ಹೊರಡುವ ಸಾಲಿಗೆ ಆ ಹೆಸರು. ಹೀಗೆ ಪಾಪದ ಒಂದು ಪೆರೇಡು ಎರಡು ಭಾಷೆಗಳಲ್ಲಿ ಎರಡು ಬೇರೆ ಬೇರೆ ಶುಭಕಾರ್ಯವಾಗಿ ಊರೆಲ್ಲ ಹಬ್ಬಿತು. ನನಗೆ ಇದರ ಸುಳಿವೇ ಇರಲಿಲ್ಲ.

ಶುಕ್ರವಾರ ಸಂಜೆ, ಅಸರ್ ನಮಾಜು ಮುಗಿದ ಮೇಲೆ, ನಾನು ಅಜ್ಜನಿಗೆ ಕುರ್ಚಿ ಹಾಕಿ ಪಕ್ಕದಲ್ಲಿ ನಿಂತೆ. ಬೀದಿ ಖಾಲಿ. ದೂರದಲ್ಲಿ ಒಂದು ಪೊಲೀಸ್ ಜೀಪು, ಅದಕ್ಕೆ ಒರಗಿ ಒಮಾನಿನ ಒಳನಾಡು ಇಬ್ರಿ ಕಡೆಯ ಒಬ್ಬ ತರುಣ ಪೊಲೀಸ. ಅಜ್ಜ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, “ಹ್ಮ್” ಎಂದ. ನಾನು ಸಮುದ್ರದ ಗಾಳಿಯ ಬಗ್ಗೆ ಮಾತೆತ್ತಿದೆ. “ಹ್ಮ್” ಎಂದ. ಐರ್ಲೆಂಡಿನಲ್ಲಿ ರೈಲುಗಳು ಸಮಯಕ್ಕೆ ಸರಿಯಾಗಿ ಬರುತ್ತವೆಯೇ ಎಂದು ಕೇಳಿದೆ. “ರೈಲು ಬಾರದಿದ್ದರೂ ಜನ ಬರುತ್ತಾರೆ,” ಎಂದು ಅಜ್ಜ ಖಾಲಿ ರಸ್ತೆಯನ್ನು ದಿಟ್ಟಿಸಿದ. 

ಆಮೇಲೆ ಕಾರುಗಳು ಬರತೊಡಗಿದವು. ಮೊದಲು ಇಳಿದವನು ಭೋಜಣ್ಣ. ರೇಷ್ಮೆ ಶರಟು, ಜರಿಯ ಪಂಚೆ, ಅತ್ತರಿನ ಘಮ. ಹಿಂದಿನಿಂದ ಅವನ ಹೆಂಡತಿ ಪೆಟ್ಟಿಗೆಯ ತಳದ ಕಂಚಿ ಸೀರೆಯಲ್ಲಿ. ರುವಿಯಿಂದ, ವಾದಿ ಕಬೀರ್‌ನಿಂದ, ಸೀಬ್‌ನಿಂದ ಬಂದ ತುಳು ಕುಟುಂಬಗಳೆಲ್ಲ ಅದೇ ವೇಷ. ಬೊಂಬಾಯಿ ವಿಮಾನದಲ್ಲಿ ಬಂದ ಮಲ್ಲಿಗೆ ಹೆಂಗಸರ ಮುಡಿಯಲ್ಲಿ. ಇತ್ತ ಮೂಲೆಮನೆಯಿಂದ ಸೆವ್ರಿನ್ ಬಾಯಿಯ ಪಡೆ ತಲೆಗೆ ಬಿಳಿ ವೇಲು ಹೊದ್ದು, ಕೈಯಲ್ಲಿ ಮೋಂಬತ್ತಿ ಹಿಡಿದು ಹೊರಟಿತು. ನಾನು ಕಣ್ಣು ಕಣ್ಣು ಬಿಟ್ಟೆ. ಅಜ್ಜ ಟೋಪಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದ. ಜನವೇನೋ ಬಂದಿತ್ತು. ರಸ್ತೆಯ ಎರಡೂ ಬದಿ ತುಂಬಿತ್ತು. ನನ್ನ ಕೆಲಸ ಇಲ್ಲಿಗೆ ಖಲಾಸ್ ಎಂದು ನಾನು ಉಸಿರು ಬಿಟ್ಟೆ.

ಭೋಜಣ್ಣ ನನ್ನ ಹತ್ತಿರ ಬಂದು ಪಿಸುಗುಟ್ಟಿದ: “ಮದುಮಗ ಯಾರು ಮಾರಾಯ? ಗಡ್ಡದವನಾ? ಸ್ವಲ್ಪ ಪ್ರಾಯ ಆದ ಹಾಗೆ ಕಾಣ್ತದೆ.”

ಅಷ್ಟರಲ್ಲಿ ಚರ್ಮವಾದ್ಯ ಬಡಿಯಿತು, ಕೊಳಲು ಎದ್ದಿತು, ಹತ್ತಿಯ ಗಡ್ಡದ ಸಂತ ಹೊರಟೇಬಿಟ್ಟ. ಹಿಂದೆ ಬ್ಯಾನರಿನೊಂದಿಗೆ ನೋರಾ, ಮುಖ ಸುಣ್ಣದಷ್ಟು ಬಿಳಿ. ಅವಳ ಕಣ್ಣು ಅಪ್ಪನನ್ನು ಹುಡುಕುತ್ತಿತ್ತು. ಸಂತ ಸೆವ್ರಿನ್ ಬಾಯಿಯ ಎದುರು ಬಂದದ್ದೇ ತಡ, ಆಕೆ ಶಿಲುಬೆಯ ಗುರುತು ಮಾಡಿ ರಸ್ತೆಗೆ ಇಳಿದಳು.

“ಬಾಯಿ, ನಿಲ್ಲಿ, ನಾವು ನೋಡುವವರು!” ಎಂದು ನಾನು ಕೂಗಿದೆ.

“ಸಂತರು ಮಾರ್ಗದಲ್ಲಿ ಹೋಗುವಾಗ ಬದಿಯಲ್ಲಿ ಕೈಕಟ್ಟಿ ನಿಲ್ಲುದಾ? ಎಂತ ಜನ ನೀವು!” ಎಂದು ಆಕೆ ನಡೆದೇ ಹೋದಳು. ವೇಲುಗಳೆಲ್ಲ ಸಾಲಾಗಿ ಹಿಂದೆ. ಕೊಂಕಣಿಯ ಒಂದು ಸ್ತೋತ್ರ ಐರಿಷ್ ಕೊಳಲಿನ ಮೇಲೆ ಏರಿ ಕುಳಿತಿತು. ಅದನ್ನು ನೋಡಿ ಈ ಬದಿಯಲ್ಲಿ ಗುಜುಗುಜು. ಅವರು ಹೊರಟಾಯಿತು, ನಾವೇನು ಊಟಕ್ಕೆ ಮಾತ್ರ ಬಂದವರಾ? ವಾರಿಜ ಮುಂದೆ ನುಗ್ಗಿ ತನ್ನ ಮುಡಿಯ ಮಲ್ಲಿಗೆ ತೆಗೆದು ನೋರಾಳ ಕೆಂಪು ಕೂದಲಿಗೆ ಸಿಕ್ಕಿಸಿದಳು. ರೇಷ್ಮೆ ಸೀರೆಗಳು ಒಟ್ಟಾಗಿ ರಸ್ತೆಗಿಳಿದವು. ಚರ್ಮವಾದ್ಯದವನಿಗೆ ಹುರುಪು ಬಂದು ಬಡಿತ ಜೋರು ಮಾಡಿದ. ಅಯ್ಯೋ, ಆ ಬಡಿತ! ನವರಾತ್ರಿಯಲ್ಲಿ ನಮ್ಮ ಹುಲಿವೇಷದ ತಾಸೆಗೆ ಅಣ್ಣನೋ ತಮ್ಮನೋ ಆಗಬೇಕು. ಹರೆಯದಲ್ಲಿ ಮೈಗೆ ಬಣ್ಣ ಬಳಿದು ಕುಣಿದಿದ್ದ ಭೋಜಣ್ಣನ ಭುಜ ಮೊದಲು ಅದುರಿತು, ಆಮೇಲೆ ಹೊಟ್ಟೆ, ಆಮೇಲೆ ಇಡೀ ಭೋಜಣ್ಣ. ಪಂಚೆ ಎತ್ತಿ ಕಟ್ಟಿ, ಸಂತನ ಮುಂದೆ ಹಾರಿ, ಬಿಡಿಭಾಗಗಳ ಕಂಪನಿಯ ಅಸಿಸ್ಟೆಂಟ್ ಮ್ಯಾನೇಜರ್ ಅಜೈಬಾದ ಡಾಂಬರಿನ ಮೇಲೆ ಹುಲಿಯಾದ. ಸಂತ ಒಂದು ಕ್ಷಣ ಹೆದರಿದ. ಮರುಕ್ಷಣ ಅವನೂ ಕೋಲೆತ್ತಿ ಕುಣಿದ.

ಪೊಲೀಸ ಜೀಪು ಬಿಟ್ಟು ಬಂದ.  ಅನುಮತಿ ಸಿಕ್ಕಿದ್ದು ಕೆಲವರು ಬೀದಿಯ ತಿರುವಿನವರೆಗೆ ನಡೆದು ಬರಲು. ಇದು ಯಾವ ಲೆಕ್ಕಕ್ಕೂ ಕೆಲವರಾಗಿರಲಿಲ್ಲ. ಅವನು ಕಂಚಿ ಸೀರೆಗಳನ್ನೂ ಮೋಂಬತ್ತಿಗಳನ್ನೂ ಹುಲಿಯನ್ನೂ ನೋಡಿ ಭೋಜಣ್ಣನನ್ನು ಕೇಳಿದ: “ಏ ಸಬ್ ಆಯರ್ಲೆಂಡ್?”

ಭೋಜಣ್ಣ ಕುಣಿತ ನಿಲ್ಲಿಸದೆ ಎದೆಯ ಮೇಲೆ ಕೈಯಿಟ್ಟ. “ಕುಲ್ಲು ಆಯರ್ಲೆಂಡ್, ಅರ್ಬಾಬ್! ಕುಲ್ಲು!” ಎಲ್ಲ, ಎಲ್ಲ ಐರ್ಲೆಂಡೇ!

ಪೊಲೀಸನ ಮೀಸೆಯಡಿಯಲ್ಲಿ ನಗು ಒಡೆಯಿತು. “ಯಲ್ಲಾ!” ನಡೆಯಿರಿ ಎಂದವನೇ ಓಡಿಹೋಗಿ ಜೀಪು ಹತ್ತಿ, ಮೇಲಿನ ನೀಲಿ ದೀಪ ಹಚ್ಚಿ, ಮೆಲ್ಲಗೆ ಮುಂದೆ ಮುಂದೆ ಹೊರಟ, ತಿರುವನ್ನು ದಾಟಿ, ನೇರ ಸಮುದ್ರದ ಕಡೆಗೆ. ಮಂತ್ರಿಗಳಿಗೆ ಸಿಗುವ ಮರ್ಯಾದೆ ನಮ್ಮ ನೋರಾಳಿಗೆ ಸಿಕ್ಕಿತು. ಅಂಗಡಿಯ ಕಾಕ ಶಟರ್ ಅರ್ಧ ಎಳೆದು ಓಡಿ ಬಂದು ಸೇರಿದ. ಟೈಲರ್ ಅಂಗಡಿಯವರು ಕತ್ತಿನಲ್ಲಿ ಟೇಪು ನೇತುಹಾಕಿಕೊಂಡೇ ಬಂದರು. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಕೂಗುತ್ತ ಹಸಿರು ಬಲೂನುಗಳ ಹಿಂದೆ ಓಡಿದರು. ನೋಡನೋಡುತ್ತಿದ್ದಂತೆ ಆ ಕಡೆಯ ಫುಟ್‌ಪಾತು ಬರಿದು, ಈ ಕಡೆಯದೂ ಬರಿದು.

ಉಳಿದವರು ಅಜ್ಜ ಮತ್ತು ನಾನು. ಇಷ್ಟು ವರ್ಷಗಳ ಅನುಭವದಲ್ಲಿ ಅಷ್ಟು ಒಳ್ಳೆಯ ಜಾಗ ನನಗೆ ಯಾವತ್ತೂ ಸಿಕ್ಕಿರಲಿಲ್ಲ. ಮುಂದೆ ಯಾರ ತಲೆಯೂ ಅಡ್ಡವಿರಲಿಲ್ಲ. ಆದರೂ ಎಂಥದೋ ಸಂಕಟ. ಮದುವೆಮನೆಯಲ್ಲಿ ಕರೆಯಿಲ್ಲದೆ ಬಾಗಿಲಲ್ಲಿ ನಿಂತವನ ಹಾಗೆ ನನಗೆ ನಾಚಿಕೆಯಾಗತೊಡಗಿತು. ಅಜ್ಜ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

“ನಾವಿಬ್ಬರೂ ಇಲ್ಲಿ ಏನು ಮಾಡುತ್ತಿದ್ದೇವೆ?” ಎಂದ.

“ನೋಡುತ್ತಿದ್ದೇವೆ,” ಎಂದೆ. ಆ ಮಾತು ನನ್ನ ಕಿವಿಗೇ ಪೆದ್ದುಪೆದ್ದಾಗಿ ಕೇಳಿತು.

ಅಜ್ಜ ಎದ್ದ. ನನ್ನ ತೋಳು ಹಿಡಿದ. ಮುದುಕನ ಕಾಲಿಗೆ ಅಷ್ಟು ಬಿರುಸು ಎಲ್ಲಿಂದ ಬಂತೋ, ನಾನೇ ಏದುಸಿರು ಬಿಡುತ್ತ ಹಿಂದೆ ಬಿದ್ದೆ. ಹೀಗೆ ನಾನು ಜೀವಮಾನದಲ್ಲಿ ಮೊದಲ ಸಲ ರಸ್ತೆಯ ಮಧ್ಯದಲ್ಲಿ ನಡೆದೆ. ಹೇಳಿದರೆ ನಗುತ್ತೀರಿ, ಎದೆ ಉಬ್ಬಿತು. ಆ ಸಂತ ಮಾಡಿದ್ದೇನು, ಏಕೆ ಹಸಿರು ಎಂಬುದು ನನಗೆ ಗೊತ್ತಿರಲಿಲ್ಲ. ಆದರೆ ಆ ಸಂಜೆ ಆ ಬೀದಿ ನನ್ನದಾಗಿತ್ತು. ಕಂಪನಿ ಕೊಟ್ಟ ಮನೆಯಲ್ಲಿ ಅಷ್ಟು ವರ್ಷ ಬಾಳಿದರೂ ಹಾಗೆ ಅನಿಸಿದ್ದಿಲ್ಲ.

ಸಮುದ್ರದ ದಂಡೆಯಲ್ಲಿ ಡಾಂಬರು ಮುಗಿದು ಮರಳು ಶುರುವಾಗುವಲ್ಲಿ ದಿಬ್ಬಣ ನಿಂತಿತು. ಅಲೆಯ ಸದ್ದು, ಏದುಸಿರು, ನಗು. ಭೋಜಣ್ಣ ಮರಳಿನ ಮೇಲೆ ಅಂಗಾತ ಬಿದ್ದು ನೀರು ಕೇಳುತ್ತಿದ್ದ. ನೋರಾ ಬ್ಯಾನರು ಯಾರ ಕೈಗೋ ಕೊಟ್ಟು, ಮುಡಿಯಲ್ಲಿ ಮಲ್ಲಿಗೆ ಜೋತುಬಿದ್ದಂತೆಯೇ ಅಪ್ಪನ ಮುಂದೆ ಬಂದು ನಿಂತಳು.  ಅಪ್ಪನೇ ಮಾತಾಡಿದ.

“ನೀನು ಫೋನಿನಲ್ಲಿ ನನಗೆ ಸುಳ್ಳು ಹೇಳಿದೆ, ಹುಡುಗಿ. ಜನ ನಿಂತು ನೋಡುತ್ತಾರೆ ಅಂದಿದ್ದೆ.” ಟೋಪಿ ತೆಗೆದು ಬೆವರು ಒರೆಸಿಕೊಂಡ. “ಒಬ್ಬನೂ ನಿಲ್ಲಲಿಲ್ಲ.”

ನೋರಾ ಅಪ್ಪನ ಎದೆಗೆ ಮುಖವಿಟ್ಟು ಬಿಕ್ಕಿದಳು. ಸುತ್ತಲಿನ ಕಂಚಿ ಸೀರೆಗಳೆಲ್ಲ, ವಿಷಯ ಏನೆಂದು ತಿಳಿಯದಿದ್ದರೂ, ಸೆರಗಿನಿಂದ ಕಣ್ಣೊರೆಸಿಕೊಂಡವು. ನಾನೂ ಒರೆಸಿಕೊಂಡೆ, ಮರಳು ಬಿತ್ತು ಎಂದು ಹೇಳುವ ಗೋಜಿಗೆ ಹೋಗಲಿಲ್ಲ.

ಮನೆಗೆ ಬಾ ಎಂಬ ಮಾತನ್ನು ಅಜ್ಜ ಮತ್ತೆ ಎತ್ತಲಿಲ್ಲ. ಅವನು ಹೊರಡುವ ದಿನ ನಾವೆಲ್ಲ ಸೀಬ್ ವಿಮಾನ ನಿಲ್ದಾಣಕ್ಕೆ ಹೋದೆವು. ಕಾರು ಓಡಿಸಿದವಳು ವಾರಿಜ. ಒಳಗೆ ಹೋಗುವ ಮೊದಲು ಅಜ್ಜ ಒಂದು ಕೈಯಲ್ಲಿ ನೋರಾಳ ಕೈ, ಇನ್ನೊಂದರಲ್ಲಿ ವಾರಿಜಳ ಕೈ ಹಿಡಿದು ಎರಡನ್ನೂ ಸೇರಿಸಿ ಸ್ವಲ್ಪ ಹೊತ್ತು ಒತ್ತಿ ಹಿಡಿದ. ಏನೋ ಹೇಳಲು ಹೋಗಿ “ಹ್ಮ್” ಎಂದಷ್ಟೇ ಹೇಳಿ, ಹಿಂದಿರುಗಿ ನೋಡದೆ ಹೊರಟುಹೋದ.

ವಾಪಸಾಗುವಾಗ ನಾನು ವಾರಿಜಳನ್ನು ಕೆಣಕಿದೆ. ಪೆರೇಡಿಗೆ ದಿಬ್ಬಣ ಎಂದು ಕರೆದು ಊರನ್ನೆಲ್ಲ ದಾರಿ ತಪ್ಪಿಸಿದವಳು ನೀನು, ಶಬ್ದಕೋಶದಲ್ಲಿ ಎಲ್ಲಾದರೂ ಹಾಗಿದೆಯೇ ಎಂದೆ. ಅವಳು ರಸ್ತೆಯ ಮೇಲಿಂದ ಕಣ್ಣು ತೆಗೆಯಲಿಲ್ಲ.

“ತಪ್ಪು ಎಂತದು ಅದರಲ್ಲಿ? ಬಳಗ ಬಂತು, ಮಲ್ಲಿಗೆ ಮುಡಿಸಿಯಾಯಿತು. ಕೈಗೆ ಕೈ ಕೊಟ್ಟು, ಹುಡುಗಿಯನ್ನು ನಮ್ಮಲ್ಲಿ ಬಿಟ್ಟು, ಅಪ್ಪ ಒಬ್ಬನೇ ಊರಿಗೆ ಹೋದ. ದಿಬ್ಬಣ ಅಲ್ಲದೆ ಮತ್ತೆಂತದು?”

ಹಿಂದಿನ ಸೀಟಿನಲ್ಲಿ ನೋರಾ ಮೂಗೊರೆಸಿಕೊಳ್ಳುತ್ತ, ಅವಳು ಏನಂದಳು ಎಂದು ನನ್ನನ್ನು ಕೇಳಿದಳು. ಅನುವಾದ ಮಾಡಲು ಬಾಯಿ ತೆರೆದೆ. ಆಮೇಲೆ, ಪೆರೇಡ್ ಎಂಬುದನ್ನು ವಾರಿಜ ಸರಿಯಾಗಿ ಅನುವಾದ ಮಾಡಿದ್ದರೆ ಆ ಶುಕ್ರವಾರದ ಗತಿ ಏನಾಗುತ್ತಿತ್ತು ಎಂದು ಯೋಚಿಸಿ, ಸುಮ್ಮನಾದೆ.